ಬೇವಿನ ಕೆಳಗೆ ನಾಲ್ಕು ಸೀರೆ

ಮರದಿಂದ ಉದುರುವುದನ್ನು ಹಿಡಿಯಲು ಸೀರೆ ಕಟ್ಟುವುದಾದರೆ ಹಳೆಯ ನೂಲಿನ ಸೀರೆಯೇ ಆಗಬೇಕು. ನೈಲಾನ್ ಸೀರೆಯಲ್ಲಿ ಎಲೆ ನಿಲ್ಲುವುದಿಲ್ಲ, ಜಾರಿ ಗಾಳಿಗೆ ಹಾರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಗೂಟ ಹುಗಿದು ಸೊಂಟದೆತ್ತರಕ್ಕೆ ಕಟ್ಟಬೇಕು. ಅದಕ್ಕಿಂತ ಕೆಳಗಾದರೆ ಆಡು ಬಂದು ಮೇಯುತ್ತವೆ. ನೆಲಕ್ಕೆ ಹಾಸಿದರೆ ಅಕ್ಕಪಕ್ಕದ ಕಸವೆಲ್ಲ ಬಂದು ಸೇರುತ್ತದೆ. ಬಿಗಿಯಾಗಿ ಎಳೆಯಬಾರದು, ನಡುವೆ ಜೋಲು ಬೀಳಬೇಕು. ಆ ಜೋಲಿನಲ್ಲಿ ಮುಷ್ಟಿಯಷ್ಟು ದೊಡ್ಡದೊಂದು ಕಲ್ಲು ಇಡಬೇಕು, ಇಲ್ಲದಿದ್ದರೆ ಗಾಳಿ ಸೀರೆಯನ್ನು ಮಗುಚಿ ವಾರದ ಎಲೆಯನ್ನೆಲ್ಲ ಚೆಲ್ಲಿಬಿಡುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಚಿಕ್ಕೋಡಿ ಕಡೆಯ ಒಂದು ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಮೇಡಂ. ಕಲ್ಲು ಇಡುವುದೊಂದು ಮಾತ್ರ ನನ್ನದು. ಆ ಕಲ್ಲು ಮುಂದೆ ನನ್ನ ಕುತ್ತಿಗೆಗೇ ಬಂತು.

ಮರ ಬೇವಿನದು. ರಾಯಬಾಗದಿಂದ ಚಿಂಚಲಿಯ ಕಡೆಗೆ ಹೋಗುವ ಒಂದು ಒಳರಸ್ತೆಯ ಪಕ್ಕ, ಒಬ್ಬ ಸಾವಕಾರರ ಕಬ್ಬಿನ ಹೊಲದ ಬದುವಿನ ಮೇಲಿದೆ. ಇಬ್ಬರು ತಬ್ಬಿದರೂ ಕೈಗೆ ಕೈ ಕೂಡದಷ್ಟು ಬುಡ. ತಗಡಿನ ಪತ್ರಾಸು ಹೊದಿಸಿದ ನನ್ನ ಮನೆ ಅದರ ನೆರಳಿಗೆ ಆತುಕೊಂಡಿದೆ. ಮನೆ ನನ್ನದು, ಮರ ಸಾವಕಾರರದು. ಮಗ ಅವರ ಟ್ರ್ಯಾಕ್ಟರ್ ಓಡಿಸುತ್ತಾನೆ, ಸೊಸೆ ಅವರ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಮೊಣಕಾಲು ಕೆಟ್ಟ ಮೇಲೆ ನನ್ನನ್ನು ಯಾರೂ ಕಳೆಗೆ ಕರೆಯುವುದಿಲ್ಲ. ಹೀಗಾಗಿ ಆ ಮೇಡಂ ಬಂದು, ಒಂದು ವರ್ಷ ಮರ ನೋಡುವ ಕೆಲಸ ಇದೆ, ತಿಂಗಳಿಗೆ ಪಗಾರ ಕೊಡುತ್ತೇನೆ ಅಂದಾಗ ನನಗೆ ನಗು ಬಂತೇ ಹೊರತು ಬೇಡ ಅನ್ನಲು ಬಾಯಿ ಬರಲಿಲ್ಲ.

“ಮರ ಎಲ್ಲಿಗಿ ಓಡಿ ಹೋಗತೈತ್ರಿ, ಅದನ್ನ ನೋಡಾಕ ಪಗಾರ?” ಎಂದು ಕೇಳಿದೆ.

“ಓಡೂದಿಲ್ಲ ಆಯಿ. ನಿಂತಲ್ಲೇ ಎಷ್ಟು ದುಡೀತೈತಿ ಅನ್ನೂದನ್ನ ನೋಡಬೇಕು. ಎಷ್ಟು ಎಲಿ ಮಣ್ಣಿಗಿ ಕೊಡತೈತಿ, ಎಷ್ಟು ತಂಪ ಇಡತೈತಿ, ಯಾವ ಯಾವ ಹಕ್ಕಿಗಿ ಹೊಟ್ಟಿ ತುಂಬಸತೈತಿ. ಒಂದ ಮರ, ಪೂರ್ತಿ ಒಂದು ವರ್ಷ. ನಡುವ ಕೈ ಬಿಟ್ರ ಮಾಡಿದ್ದೆಲ್ಲ ನೀರಿನ್ಯಾಗ ಹೋದಂಗ.”

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಆಕೆ ಕಲಿತವಳಾದರೂ ಹಾಗೇ ಕರೆದಳು, ನನಗೆ ಸೇರಿತು.

ಸಾವಕಾರರಿಗೆ ಮಾತ್ರ ಈ ಕೆಲಸ ಸೇರಲಿಲ್ಲ. ಕಬ್ಬು ತುಂಬಿದ ಜೋಡಿ ಟ್ರಾಲಿ ಹೊಲದಿಂದ ರಸ್ತೆಗೆ ತಿರುಗುವಾಗ ಮರ ಅಡ್ಡ ಬರುತ್ತದೆ. ಕಡಿಸಬೇಕು ಎಂದು ಹಿಂದಿನ ಸುಗ್ಗಿಯಿಂದ ಹೇಳುತ್ತಲೇ ಇದ್ದರು. ಮೇಡಂ ಬಹಳ ಕೇಳಿಕೊಂಡ ಮೇಲೆ ಒಂದು ಮಾತು ಕೊಟ್ಟರು: “ಒಂದು ಮಳಿಗಾಲದಿಂದ ಇನ್ನೊಂದು ಮಳಿಗಾಲದ ತನಕ ತಡೀತೀನಿ. ಆಮ್ಯಾಲ ನನಗ ಕೇಳಬ್ಯಾಡ್ರಿ.” ಆ ಮಾತು ಅವರ ಬಾಯಿಂದ ಬಂದದ್ದೇ ಹೊರತು ಮನಸ್ಸಿನಿಂದ ಬಂದದ್ದಲ್ಲ ಅನ್ನುವುದು ನನಗೆ ಆಗಲೇ ಗೊತ್ತಿತ್ತು. ಮರದ ಮೇಲೆ ನನಗೇನೂ ಮಾಯೆ ಇರಲಿಲ್ಲ. ಆದರೆ ಅದು ಹೋದರೆ ಪಗಾರ ಹೋಗುತ್ತದೆ, ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ಬೇಯುವವಳೂ ನಾನೇ.

ಗಣಪತಿ ಕಳಿಸಿದ ಮೇಲೆ ಕೆಲಸ ಹಿಡಿದೆವು. ಓಣಿಯ ಹೆಂಗಸರಿಂದ ಹಳೆಯ ಸೀರೆ ಬೇಡಿ ತಂದೆ. ಮೂರು ಬಣ್ಣಗೆಟ್ಟವು, ಒಂದು ಹಸಿರು, ಇನ್ನೂ ಗಟ್ಟಿ ಇತ್ತು. ಮರದ ನಾಲ್ಕು ದಿಕ್ಕಿಗೆ ನಾಲ್ಕು ಕಟ್ಟಿದೆವು. ಪ್ರತಿ ದಿಕ್ಕಿನಲ್ಲಿ ಕೈಗೆ ಎಟಕುವ ಒಂದೊಂದು ರೆಂಬೆ ಆರಿಸಿ ಗುರುತಿಗೆ ಬಟ್ಟೆಯ ಚಿಂದಿ ಬಿಗಿದೆವು, ಚಿಗುರು ಯಾವಾಗ, ಹೂವು ಯಾವಾಗ ಎಂದು ಅದೇ ರೆಂಬೆಯಲ್ಲಿ ನೋಡಬೇಕು. ಬುಡಕ್ಕೆ ಎದೆಯೆತ್ತರದಲ್ಲಿ ಮೇಡಂ ಒಂದು ಬಿಳಿ ಬಣ್ಣದ ಕಟ್ಟಿಗೆಯ ಪೆಟ್ಟಿಗೆ ಕಟ್ಟಿಸಿದಳು. ಅದಕ್ಕೆ ಸಣ್ಣ ಬಾಗಿಲು, ಗಾಳಿಯಾಡಲು ಸುತ್ತ ಸೀಳು. ಒಳಗೆ ಶಾಖ ನೋಡುವ ಗಾಜಿನ ಕೊಳವೆ. ಅಂಥದೇ ಇನ್ನೊಂದು ಪೆಟ್ಟಿಗೆ ಬಿಸಿಲಿನಲ್ಲಿ, ಹೊಲದ ಅಂಚಿನ ಕಂಬಕ್ಕೆ. ದಿನವೂ ಮಧ್ಯಾಹ್ನ ಎರಡೂ ಬಾಗಿಲು ತೆರೆದು, ಬಗ್ಗಿ, ಅಂಕಿ ನೋಡಿ, ಫೋನಿನಲ್ಲಿ ಮಾತಾಡಿ ಮೇಡಂಗೆ ಕಳಿಸುವುದು. ಅಂಕಿ ಓದಲು ನನ್ನ ಮೂರನೆಯ ಇಯತ್ತೆಯ ಓದು ಸಾಕು.

ಸೀರೆ ಖಾಲಿ ಮಾಡುವ ವಾರ ಮಂಗಳವಾರ. ಅಂದು ಸೊಸೆಗೆ ಕಳೆ ರಜೆ, ನಾಲ್ಕೂ ಸೀರೆ ಬಿಚ್ಚಿ ಕಟ್ಟಲು ಇನ್ನೊಂದು ಜೋಡಿ ಕೈ ಬೇಕು, ಅದಕ್ಕೆ ಆ ವಾರ. ಬಿದ್ದದ್ದನ್ನು ಮೊರದಲ್ಲಿ ಹಾಕಿಕೊಂಡು ಅಕ್ಕಿ ಆರಿಸಿದಂತೆ ಆರಿಸಬೇಕು: ಎಲೆ ಬೇರೆ, ಕಡ್ಡಿ ಬೇರೆ, ಹೂವು ಬೇರೆ, ಕಾಯಿ ಬೇರೆ, ಹಕ್ಕಿಯ ಹೇಲು ಬೇರೆ. ಕೊನೆಯದನ್ನು ಕೇಳಿ ಸೊಸೆ ಮೂಗು ಮುಚ್ಚಿಕೊಂಡಳು.

“ಅತ್ತಿ, ಹಕ್ಕಿ ಹೇಲು ತೂಕ ಮಾಡೂ ನೌಕರಿ ಯಾರಿಗೂ ಸಿಕ್ಕಿಲ್ಲ ನೋಡ್ರಿ. ಬೀಗರಿಗಿ ಏನ ಹೇಳೂನು?”

“ಸರಕಾರಿ ಕೆಲಸ ಅಂತ ಹೇಳು,” ಅಂದೆ.

ಬಿಸಿಲಿಗೆ ಒಣಗಿಸಿ, ಕಾಯಿಪಲ್ಲೆಯ ತಕ್ಕಡಿಯಲ್ಲಿ ತೂಗಿ, ಚೀಲಕ್ಕೆ ಕಟ್ಟಿ ಇಡಬೇಕು. ದಸರೆ, ದೀಪಾವಳಿಯವರೆಗೆ ತೂಕ ಬಹಳ ಇಲ್ಲ. ಮರ ತನ್ನ ಎಲೆಯನ್ನು ಬಿಗಿಹಿಡಿದು ನಿಂತಿತ್ತು. ಅಲ್ಲಿಯವರೆಗೆ ನಾನು ಆ ಮರವನ್ನು ಹೊತ್ತು ಕಳೆಯಲು ಕೂಡ ನೋಡಿದವಳಲ್ಲ. ನೋಡುತ್ತ ಕೂತರೆ ಅದರಲ್ಲಿ ಒಂದು ಊರೇ ಇದೆ. ಅಳಿಲಿನ ಗೂಡು ಯಾವ ಕವಲಿನಲ್ಲಿ, ಮೈನಾ ಯಾವ ಪೊಟರೆಯಲ್ಲಿ, ಬೆಳ್ಳಕ್ಕಿ ಸಂಜೆ ಯಾವ ತುದಿಗೆ ಬರುತ್ತವೆ, ಎಲ್ಲಕ್ಕೂ ಜಾಗ ಹಂಚಿಕೆಯಾಗಿದೆ, ಜಗಳವೂ ಇದೆ. ಇದೆಲ್ಲವನ್ನೂ ಫೋನಿಗೆ ಹೇಳಿದೆ.

ಚಳಿ ಬಿದ್ದ ಮೇಲೆ ಕೆಂಪಿರುವೆ ಗೂಟ ಹತ್ತಿ ಸೀರೆಯ ಜೋಲಿನಲ್ಲಿ ಮನೆ ಹೂಡಿದವು. ಎಲೆ ಆರಿಸಲು ಕೈ ಹಾಕಿದರೆ ಮೊಣಕೈತನಕ ಉರಿ. ಮೇಡಂಗೆ ಹೇಳಿದರೆ, “ಔಷಧ ಪುಡಿ ಹಾಕಬ್ಯಾಡ್ರಿ ಆಯಿ, ಹುಳ ಸತ್ರ ಲೆಕ್ಕ ಕೆಡತೈತಿ” ಅಂದಳು. ಮನೆಯಲ್ಲಿ ಬೆಲ್ಲದ ಡಬ್ಬಿಗೆ ಇರುವೆ ಬಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಎಲ್ಲ ಗೂಟದ ಬುಡಕ್ಕೂ ಅರಿಷಿಣದ ಪುಡಿ ಸುರಿದೆ, ಮರದ ಬುಡದ ಸುತ್ತಲೂ ಒಂದು ಗೆರೆ ಎಳೆದೆ. ಇರುವೆ ಬಿಟ್ಟು ಹೋದವು. ಆ ತಿಂಗಳು ಮಳೆಯಿಲ್ಲ, ಅರಿಷಿಣ ಹಾಗೇ ಉಳಿಯಿತು.

ಮಾಘ ಮಾಸದಲ್ಲಿ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗೆ ಹೋಗುವವರು ಈ ಒಳರಸ್ತೆಯನ್ನೇ ಹಿಡಿಯುತ್ತಾರೆ. ಗಡಿಯಾಚೆಯಿಂದ ಗಾಡಿ ಕಟ್ಟಿಕೊಂಡು ಬರುವವರೂ ಇರುತ್ತಾರೆ. ಮಾಯಕ್ಕನ ಹೆಸರಿನಲ್ಲಿ ಅರಿಷಿಣದ ಭಂಡಾರ ಎರಚುವುದು ಅವರ ಪದ್ಧತಿ, ಎತ್ತಿನ ಕೊಂಬಿನಿಂದ ಮಕ್ಕಳ ಹಣೆಯವರೆಗೆ ಎಲ್ಲ ಹಳದಿ. ಒಂದು ಮಂಗಳವಾರ ಮಧ್ಯಾಹ್ನ ನಾನು ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು, ಕಣ್ಣು ಕಿರಿದು ಮಾಡಿ, ಅಂಕಿ ನೋಡುತ್ತ ಬಗ್ಗಿ ನಿಂತಿದ್ದೆ. ಹಿಂದೆ ಗಾಡಿ ನಿಂತ ಸದ್ದಾಯಿತು.

“ಆಜಿ, ಹೇ ದೇವೀಚ ಠಾಣ ಆಹೆ ಕಾ?” ಎಂದು ಒಬ್ಬ ಮುದುಕ ಮರಾಠಿಯಲ್ಲಿ ಕೇಳಿದ. ಇದು ದೇವಿಯ ಸ್ಥಾನವೇ ಎಂದು.

“ನಾಹೀ ಬಾಬಾ,” ಅಂದೆ. “ಹವಾ ಬಘತೆ. ಶಾಖ ನೋಡಾಕತ್ತೀನಿ.”

ಅವನು ಹಸಿರು ಸೀರೆ ನೋಡಿದ. ಅದರ ನಡುವಿನ ಕಲ್ಲು ನೋಡಿದ. ಚಿಂದಿ ಕಟ್ಟಿದ ರೆಂಬೆ, ಗೂಟದ ಬುಡದ ಅರಿಷಿಣ, ಗುಡಿಯಂಥ ಪೆಟ್ಟಿಗೆ ನೋಡಿದ. ಮಂಗಳವಾರವೆಂಬುದು ಅವನಿಗೂ ಗೊತ್ತಿತ್ತು. ಚಪ್ಪಲಿ ಬಿಟ್ಟ. ಸೀರೆಯೊಳಗಿನ ಕಲ್ಲಿಗೆ ಭಂಡಾರ ಹಚ್ಚಿ, ತೆಂಗಿನಕಾಯಿ ಒಡೆದು, ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ. ಅದನ್ನೂ ಅವನು ತನಗೆ ಬೇಕಾದಂತೆಯೇ ತಿಳಿದುಕೊಂಡ.

ಅವನು ಹೋದ, ಕಲ್ಲಿನ ಹಳದಿ ಉಳಿಯಿತು. ಹಿಂದಿನಿಂದ ಬಂದ ಗಾಡಿಗಳಿಗೆ ಅಷ್ಟು ಸಾಕಾಯಿತು. ಅದೇ ವಾರ ನಮ್ಮ ಓಣಿಯ ಹಾಲು ಮಾರುವವಳ ಎಮ್ಮೆ ತಪ್ಪಿಸಿಕೊಂಡಿತ್ತು. ಆಕೆ ಹುಡುಕುತ್ತ ಬಂದು ಮರದ ಕೆಳಗೆ ಕೈ ಮುಗಿದಳಂತೆ. ಎಮ್ಮೆ ಆಚೆ ಹೊಲದ ಕಬ್ಬಿನಲ್ಲಿ ಮೇಯುತ್ತಿತ್ತು, ಸಿಕ್ಕಿತು. ಕಬ್ಬು ಬಿಟ್ಟು ಎಮ್ಮೆ ಇನ್ನೆಲ್ಲಿಗೆ ಹೋದೀತು?

“ಏ ಯಕ್ಕಾ, ಅಲ್ಲಿ ದೇವರಿಲ್ಲ,” ಎಂದು ಆಕೆಗೆ ಹೇಳಿದೆ. “ನಾ ಕಸ ತೂಕ ಮಾಡಾಕತ್ತೀನಿ. ನಿನ್ನ ಮುಂದ ಎಷ್ಟು ಸಲ ಆರಿಸೀನಿ, ನೋಡಿಲ್ಲೇನು?”

“ಖರೆ ಇದ್ದವ್ರು ತಮ್ಮ ಬಾಯಿಂದ ಹೇಳಂಗಿಲ್ಲ ಬಿಡ್ರಿ,” ಅಂದಳು. ನಿನ್ನೆಯವರೆಗೆ ನನಗೆ ‘ನೀನು’ ಅನ್ನುತ್ತಿದ್ದವಳು ‘ರಿ’ ಹಚ್ಚಿದಳು.

ಎಲೆ ಉದುರುವ ಕಾಲ ಶುರುವಾಯಿತು. ಇಡೀ ವರ್ಷದಲ್ಲಿ ತಪ್ಪಿಸಬಾರದ ವಾರಗಳೆಂದರೆ ಇವೇ ಎಂದು ಮೇಡಂ ಒತ್ತಿ ಹೇಳಿದ್ದಳು. ಮರ ಮೊದಲು ಅಲ್ಲೊಂದು ಇಲ್ಲೊಂದು ಹಳದಿಯಾಯಿತು, ಆಮೇಲೆ ಒಂದು ಗಾಳಿಗೆ ಮಳೆಯಂತೆ ಸುರಿಯಿತು. ತಕ್ಕಡಿಯಲ್ಲಿ ಒಮ್ಮೆಗೆ ಹಿಡಿಸದಷ್ಟು. ಆದರೆ ಸೀರೆಯಲ್ಲಿ ಎಲೆಯೊಂದೇ ಇದ್ದರೆ ತಾನೆ. ಅಕ್ಕಿ, ಖಣ, ಕುಂಕುಮ, ನಿಂಬೆಹಣ್ಣು, ಚಿಲ್ಲರೆ, ಒಮ್ಮೆ ಹರಕೆಯ ಒಂದು ಬೆಳ್ಳಿಯ ಕಣ್ಣು. ಆರಿಸಲು ಇಡೀ ದಿನ ಹಿಡಿಯಿತು. ಕುಂಕುಮ ಅಂಟಿದ ಎಲೆಯನ್ನು ಒರೆಸಿ ತೂಗಬೇಕೋ ಒರೆಸದೆ ತೂಗಬೇಕೋ ಎಂದು ಫೋನಿನಲ್ಲಿ ಕೇಳಿದೆ. ಮೇಡಂ, “ಒರೆಸಿ ತೂಗ್ರಿ” ಅಂದಳು.

ಇದೆಲ್ಲ ಮರದ ಕೇಡಿಗೇ ಎಂದು ನಾನು ತಿಳಿದಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಸಾವಕಾರರು ಗರಗಸದವನನ್ನು ಕರೆದುಕೊಂಡು ಬಂದರು. ಕೊಟ್ಟ ಮಾತಿನ ಮಳೆಗಾಲಕ್ಕೆ ಇನ್ನೂ ಬಹಳ ದಿನ ಇತ್ತು. ನಾನು ಅದನ್ನು ನೆನಪು ಮಾಡಿದೆ. “ಕಬ್ಬು ಕಡಿಯೂ ಕಾರಖಾನಿ ಟೋಳಿ ಬಂದೈತಿ, ಟ್ರಾಲಿ ತಿರಗವಲ್ದು, ನಾ ಏನ ಮಾಡ್ಲಿ?” ಅಂದರು. ಗರಗಸದವ ಯಂತ್ರವನ್ನು ಹೆಗಲಿನಿಂದ ಇಳಿಸಿ, ಹಗ್ಗ ಬಿಚ್ಚಿ, ಮೇಲೆ ನೋಡಿದ, ಕೆಳಗೆ ನೋಡಿದ. ಅರಿಷಿಣ ಕಂಡಿತು. ಹಗ್ಗವನ್ನು ಮತ್ತೆ ಸುತ್ತತೊಡಗಿದ.

“ಸಾವಕಾರ, ನನಗ ಸಣ್ಣ ಮಕ್ಕಳದಾವ,” ಅಂದ. “ಈ ಕೆಲಸ ನನಗ ಬ್ಯಾಡ.”

“ಲೇ, ಅಲ್ಲೇನೂ ಇಲ್ಲ. ಮುದಕಿ ಇರಿವಿಗಿ ಅರಿಷಿಣ ಹಾಕ್ಯಾಳ. ಹೌದಲ್ಲ ಬೇ?”

ಇಬ್ಬರೂ ನನ್ನನ್ನೇ ನೋಡಿದರು. ಅಲ್ಲಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಇಲ್ಲಿ ದೇವರಿಲ್ಲ ಎಂದು ಹೇಳಿ ನನ್ನ ಗಂಟಲು ಒಣಗಿತ್ತು. ಅಂದು ಹೇಳಲಿಲ್ಲ. ಮರದ ಮುಂದೆ ಕೂತು ಎಲೆ ಆರಿಸಿದೆ. ಗರಗಸದವ ಹೋದ. ಸಾವಕಾರರೂ ಹೋದರು, ಹೋಗುವಾಗ ಮರದ ಕಡೆಗೆ ಬೆನ್ನು ಮಾಡದೆ ಹೋದದ್ದನ್ನು ನಾನು ಗಮನಿಸಿದೆ.

ಅಲ್ಲಿಂದ ನನಗೆ ಬಿಡುಗಡೆ ಇಲ್ಲದಾಯಿತು. ದೇವರಿಲ್ಲ ಅಂದರೆ ಮರ ಬೀಳುತ್ತದೆ. ಸುಮ್ಮನಿದ್ದರೆ ಮರ ನಿಲ್ಲುತ್ತದೆ, ಆದರೆ ನೋಡುವ ಕೆಲಸ ಕೆಡುತ್ತದೆ. ಬುಡದಲ್ಲಿ ಕರ್ಪೂರ ಹಚ್ಚಿ ತೊಗಟೆ ಕಪ್ಪಾಯಿತು. ಹಣತೆಯ ಸಾಲಿನಿಂದ ನೆರಳಿನ ಪೆಟ್ಟಿಗೆಯ ಅಂಕಿ ಬಿಸಿಲಿನ ಪೆಟ್ಟಿಗೆಯದನ್ನೂ ದಾಟಿತು. ಅದನ್ನು ಕೇಳಿದ ಮೇಡಂ ನನ್ನ ಕನ್ನಡಕ ಕೆಟ್ಟಿರಬೇಕು ಅಂದಳು. ಯುಗಾದಿಗೆ ಮುಂಚೆ ತಾಮ್ರದ ಬಣ್ಣದ ಚಿಗುರು ಬಂತು, ಬೆನ್ನಿಗೇ ಹೂವು, ಜೇನುಹುಳ ಗುಂಯ್ಗುಟ್ಟುತ್ತಿದ್ದವು. ಬೇವು ಬೆಲ್ಲಕ್ಕೆ ಮಾಯಕ್ಕ ಅವ್ವನ ಮರದ್ದೇ ಹೂವು ಬೇಕೆಂದು ಊರಿಗೆ ಊರೇ ಬಂದು ಕೈಗೆ ಸಿಕ್ಕ ರೆಂಬೆಯನ್ನೆಲ್ಲ ಬೋಳಿಸಿತು. ಚಿಂದಿ ಕಟ್ಟಿದ ನಾಲ್ಕರಲ್ಲಿ ಮೂರು ರೆಂಬೆ ಹೋದವು. ಚಿಂದಿ ಇದ್ದುದರಿಂದಲೇ ಅವು ಹೆಚ್ಚು ಪುಣ್ಯದವು ಎಂದು ತಿಳಿದಿದ್ದರು.

ನಾನೂ ಮರದಂತೆ ಬೇರು ಬಿಟ್ಟೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಎಲ್ಲಿಗೂ ಹೋಗುವಂತಿಲ್ಲ. ಅಥಣಿಯಲ್ಲಿ ತಂಗಿಯ ಮೊಮ್ಮಗಳ ಮದುವೆಗೆ ಸೊಸೆಯನ್ನು ಕಳಿಸಿದೆ, ನಾನು ಹೋಗಲಾಗಲಿಲ್ಲ. ಒಬ್ಬಳು ಮಗಳಿಗೆ ವರ ಯಾವ ದಿಕ್ಕಿಗೆ ಎಂದು ಕೇಳಿದಳು. ಒಬ್ಬ ಬೋರು ಎಲ್ಲಿ ಹೊಡೆಸಲಿ ಅಂದ. ಗೊತ್ತಿಲ್ಲ ಅಂದರೆ, ಇಂದು ಅವ್ವ ಮುನಿದಿದ್ದಾಳೆ, ಮುಂದಿನ ವಾರ ಬರುತ್ತೇವೆ ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ಸೊಸೆಯ ಚೇಷ್ಟೆ ಬೇರೆ.

“ಅವ್ವಾರ, ಇವತ್ತ ಚಪಾತಿನೋ ರೊಟ್ಟಿನೋ? ಅಪ್ಪಣಿ ಆಗ್ಲಿ.”

“ಸುಮ್ನ ರೊಟ್ಟಿ ಬಡಿ, ಇಲ್ಲಂದ್ರ ನಿನ್ನ ಮೈಮ್ಯಾಲ ಬರಸ್ತೀನಿ.”

ವೈಶಾಖದ ಬಿಸಿಲಿನಲ್ಲಿ ತೆಲಸಂಗದ ಕಡೆಯಿಂದ ಒಂದು ಕುಟುಂಬ ಜೀಪು ಮಾಡಿಕೊಂಡು ಬಂತು. ಅತ್ತೆ, ಮಗ, ದಿನ ತುಂಬುತ್ತಿದ್ದ ಸೊಸೆ. ಆ ಹುಡುಗಿಯ ಕಾಲು ಬಾತು ಕಾಲುಂಗುರ ಮಾಂಸದಲ್ಲಿ ಹುಗಿದಿದ್ದವು. ಮುಖವೂ ಊದಿತ್ತು. ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿಂಚು ಹೊಡೆದಂತಾಗುತ್ತದೆ ಅಂದಳು. ಅತ್ತೆ ಆಕೆಯನ್ನು ಹಸಿರು ಸೀರೆಯ ಪಕ್ಕ ಬುಡದಲ್ಲಿ ಕೂರಿಸಿ, ಈ ವಾರ ಸೇರಿ ಮೂರು ವಾರ ಇಲ್ಲೇ ನೆರಳಲ್ಲಿ ಕೂರಿಸುತ್ತೇವೆ, ಆಮೇಲೆ ಅವ್ವ ಹೇಳಿದಂತೆ ಅಂದಳು.

ಹೀಗೆ ಊದಿಕೊಂಡ ಬಸುರಿಯನ್ನು ನಾನು ನನ್ನ ಕೇರಿಯಲ್ಲೇ ಕಂಡಿದ್ದೇನೆ. ಆಕೆ ಉಳಿಯಲಿಲ್ಲ.

“ಯವ್ವಾ, ಇವಳನ್ನ ಈಗ ದವಾಖಾನಿಗಿ ಒಯ್ರಿ,” ಅಂದೆ. “ಮೂರು ವಾರ ಅಲ್ಲ, ಮೂರು ತಾಸು ಕುಂದರಸಬ್ಯಾಡ್ರಿ. ಇಲ್ಲಿ ಯಾವ ಅವ್ವನೂ ಇಲ್ಲ.”

“ನೀವು ಹಂಗ ಅಂತೀರಂತ ಮೊದಲ ಹೇಳ್ಯಾರ್ರಿ,” ಅಂದಳು ಅತ್ತೆ. “ದವಾಖಾನಿಯವ್ರು ಹೊಟ್ಟಿ ಕೊಯ್ತಾರ. ಅವ್ವ ಅಪ್ಪಣಿ ಕೊಟ್ರ ಒಯ್ತೀವಿ, ಇಲ್ಲಂದ್ರ ಇಲ್ಲ.”

“ನಾ ಹೇಳಾಕತ್ತೀನಲ್ಲ.”

“ನೀವು ಹೇಳಿದ್ರ ಆಗೂದಿಲ್ರಿ. ಅವ್ವ ಹೇಳಬೇಕು.”

ಆಕೆಯ ಮಗ ನೆಲ ನೋಡುತ್ತಿದ್ದ. ಹುಡುಗಿ ಕಾಂಡಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಸುತ್ತ ಕಾಯಿ ಹಿಡಿದು ನಿಂತ ಮಂದಿ. ನನ್ನ ಮಾತಿಗೆ ಬೆಲೆಯಿಲ್ಲ, ನನ್ನ ಬಾಯಿಗೆ ಮಾತ್ರ ಬೆಲೆ ಎಂಬುದು ತಿಳಿಯಿತು. ಸಿಟ್ಟು ಬಂತು. ಆ ಸಿಟ್ಟು ಕೆಲಸಕ್ಕೆ ಬಂತು.

ತುರುಬು ಬಿಚ್ಚಿದೆ. ಬಿಚ್ಚಿದರೆ ಎಷ್ಟು ಕೂದಲು, ಇಲಿಯ ಬಾಲದಷ್ಟು. ಮೈಮೇಲೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ತೂಗಿದೆ, ಹಲ್ಲು ಕಡಿದೆ. ಮೊಣಕಾಲಿನ ನೋವಿಗೆ ಬಂದ ಚೀರು ಮಾತ್ರ ನಿಜದ್ದು. ಮಂದಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

“ಇವಳನ್ನ ಎಬ್ಬಸ್ರಿ,” ಎಂದು ಕೂಗಿದೆ. “ಈಗಿಂದೀಗ ದೊಡ್ಡ ದವಾಖಾನಿಗಿ ಒಯ್ರಿ. ಕೊಯ್ದ್ರ ಕೊಯ್ಲಿ, ಆ ಕೈ ನಂದ. ತಡಾ ಮಾಡಿದ್ರ ನಿಮ್ಮ ಮನಿ ಹೊಸ್ತಿಲಾ ನಾ ತುಳ್ಯಂಗಿಲ್ಲ. ಇನ್ನ ಈ ಗಿಡದಾಗ ನಾ ಇಲ್ಲ. ಚಿಂಚಲಿಗಿ ಹೊಂಟೀನಿ. ಇಲ್ಲಿ ಒಡದ ಕಾಯಿ ನನಗ ಮುಟ್ಟಂಗಿಲ್ಲ.”

ಗಂಡ ಆ ಹುಡುಗಿಯನ್ನು ಜೀಪಿಗೆ ಹತ್ತಿಸಿದ, ಜೀಪು ಧೂಳೆಬ್ಬಿಸಿ ಹೋಯಿತು. ಆಮೇಲೆ ಒಬ್ಬೊಬ್ಬರೇ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಹುಡುಗಿಗೆ ಅದೇ ಸಂಜೆ ಹೊಟ್ಟೆ ಕೊಯ್ದರಂತೆ. ಕೂಸು ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಬದುಕಿತು. ತಾಯಿಯೂ ಬದುಕಿದಳು. ಜೀಪಿನ ಡ್ರೈವರ್ ನಮ್ಮ ಮಗನಿಗೆ ಹೇಳಿದ್ದು.

ನಾನು ಕಲ್ಲುಗಳನ್ನು ತೊಳೆದೆ, ಅರಿಷಿಣ ಗುಡಿಸಿದೆ, ಬುಡದ ಮಸಿ ಕೆರೆದೆ. ಬರುವವರು ಕಡಿಮೆಯಾದರು, ಆಮೇಲೆ ನಿಂತರು. ಎರಡು ವಾರ ಸೀರೆಯಲ್ಲಿ ಬರೀ ಎಲೆ, ಬರೀ ಎಳೆಯ ಕಾಯಿ. ನೆರಳಿನ ಪೆಟ್ಟಿಗೆಯ ಅಂಕಿ ಇಳಿಯಿತು. ಬಿಸಿಲಿನದಕ್ಕೂ ಅದಕ್ಕೂ ಇದ್ದ ಅಂತರ ಕೇಳಿ ಮೇಡಂ ಎರಡು ಸಲ ಹೇಳಿಸಿದಳು. ಆ ಅಂತರ ನನಗೆ ಅಂಕಿಯಲ್ಲಿ ಬೇಕಿರಲಿಲ್ಲ. ಮಧ್ಯಾಹ್ನ ನೆರಳು ಸರಿದ ಗಳಿಗೆಗೆ ನನ್ನ ಪತ್ರಾಸು ಹೆಂಚಿನಂತೆ ಸುಡುತ್ತಿತ್ತು. ಮಂಗಳವಾರವೊಂದರಲ್ಲಿ ರಾಯಬಾಗದ ಸಂತೆಗೆ ಹೋಗಿ ಹೊಟ್ಟೆ ತುಂಬ ಮಾತಾಡಿ ಬಂದೆ.

ನಾನು ಅವ್ವನಿಂದ ಬಿಡಿಸಿಕೊಂಡದ್ದು ಸಾವಕಾರರ ಕಿವಿಗೂ ಬಿತ್ತು. ಮಿರಗದ ಮೊದಲ ಮಳೆಗೆ ಮುಂಚೆ ಗರಗಸದವನ ಜೊತೆ ಬಂದರು, ಈ ಸಲ ಇಬ್ಬರು ಆಳುಗಳೂ ಇದ್ದರು. ಹೊಲದಲ್ಲಿ ನಮ್ಮ ಮಗ ಟ್ರ್ಯಾಕ್ಟರ್ ಮೇಲೆ ಕೂತಿದ್ದ, ಬಿದ್ದ ಮರ ಎಳೆಯಲು ಸರಪಳಿ ಸಮೇತ.

“ಅವ್ವ ಹೋದ್ಲಂತಲ್ಲ,” ಅಂದರು ಸಾವಕಾರರು. ನಗುತ್ತಿದ್ದರು. “ಚಲೋ ಆತು. ನಿನ್ನ ಸೀರಿ ಬಿಚ್ಚಿಕೋ.”

“ಇನ್ನೊಂದು ಮಳಿಗಾಲದ ತನಕ ಅಂದಿದ್ರಿ. ಮಳಿ ಇನ್ನ ಬಂದಿಲ್ಲ.”

“ಅಂದಿದ್ದೆ. ಈಗ ಇಲ್ಲ ಅಂತೀನಿ.”

ಮೇಡಂಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಗರಗಸದವ ಯಂತ್ರಕ್ಕೆ ಎಣ್ಣೆ ಹಾಕಿ, ಆದರೂ ಮುಂದೆ ಬಾರದೆ ನಿಂತ. ಊರವರ ಬಾಯಿಂದ ಕೇಳಿದ್ದು ಅವನಿಗೆ ಸಾಲದು.

“ಆಯಿ ಹೇಳ್ಲಿ ಸಾವಕಾರ. ಬೊಡ್ಡಿಗಿ ಕೈ ಇಟ್ಟು, ಅವ್ವ ಇಲ್ಲಿಲ್ಲ ಅಂತ ಒಂದು ಮಾತು ಹೇಳ್ಲಿ. ಅಂದ್ರ ಯಂತ್ರ ಚಾಲೂ ಮಾಡ್ತೀನಿ.”

“ಹೇಳು ಬೇ,” ಅಂದರು ಸಾವಕಾರರು. “ಅದ ಮಾತ ಎಲ್ಲಾರ ಮುಂದೂ ಹೇಳ್ಕೊಂತ ಅಡ್ಡಾಡಿದಾಕಿ ನೀ. ಹೇಳು.”

ಹೇಳಬೇಕಾದದ್ದು ನಿಜವೇ. ಇಲ್ಲಿ ಯಾರೂ ಇಲ್ಲ, ಹಿಂದೆಯೂ ಇರಲಿಲ್ಲ. ಎದ್ದು ಹೋಗಿ ಕಾಂಡಕ್ಕೆ ಕೈ ಇಟ್ಟೆ. ತೊಗಟೆ ತಂಪಾಗಿತ್ತು. ಮೇಲೆ ಕಾಯಿ ಹಳದಿಗೆ ತಿರುಗುತ್ತಿದ್ದವು. ಇನ್ನು ಕೆಲವೇ ವಾರ, ಹಣ್ಣು ಬಿದ್ದು, ಹಕ್ಕಿ ತಿಂದು ಉಗುಳಿದ ಬೀಜ ಸೀರೆಗೆ ಬಂದರೆ ಮರದ ಒಂದು ಸುತ್ತು ತುಂಬುತ್ತದೆ. ಮಗ ಟ್ರ್ಯಾಕ್ಟರ್ ಮೇಲಿನಿಂದ ನನ್ನನ್ನೇ ನೋಡುತ್ತಿದ್ದ.

“ನಿನ್ನ ಮಗ ಯಾರ ಗಾಡಿ ಮ್ಯಾಲ ಕುಂತಾನ, ಅದನ್ನೂ ನೆನಪ ಮಾಡ್ಕೊ,” ಅಂದರು ಸಾವಕಾರರು. ಈಗ ನಗುತ್ತಿರಲಿಲ್ಲ.

ನಾನು ಬಾಯಿ ತೆರೆಯಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ತುರುಬು ಬಿಚ್ಚಲಿಲ್ಲ, ತೂಗಲಿಲ್ಲ, ಏನೂ ಮಾಡಲಿಲ್ಲ, ಬರೀ ನಿಂತೆ. ಮೊಣಕಾಲು ನಡುಗತೊಡಗಿತು. ಗರಗಸದವ ಆ ನಡುಕವನ್ನು ನೋಡಿದ. ಯಂತ್ರವನ್ನು ಕೆಳಗಿಟ್ಟು ಚಪ್ಪಲಿ ಬಿಟ್ಟ. ಆಳುಗಳೂ ಬಿಟ್ಟರು.

“ಏನರ ಮಾತಾಡ ಮುದಕಿ,” ಎಂದು ಸಾವಕಾರರು ಅಂದದ್ದು ಆಜ್ಞೆಯ ದನಿಯಲ್ಲಿ ಶುರುವಾಗಿ ಬೇರೆಯೇ ದನಿಯಲ್ಲಿ ಮುಗಿಯಿತು.

ಮಗನನ್ನು ಮರುದಿನವೇ ಟ್ರ್ಯಾಕ್ಟರಿನಿಂದ ಇಳಿಸಿದರು. ಈಗ ಅವನು ಕಾಗವಾಡದ ಕಡೆ ಬೇರೆಯವರ ಗಾಡಿ ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ, ನನ್ನ ಜೊತೆ ಬಹಳ ಮಾತಾಡುವುದಿಲ್ಲ. ಸೊಸೆಯನ್ನು ಕಳೆಗೆ ಕರೆಯುವುದನ್ನು ಬಿಟ್ಟರು. ಮರಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಅವ್ವ ತಿರುಗಿ ಬಂದಿದ್ದಾಳೆ, ನಾನು ನಿಂತಲ್ಲೇ ನಡುಗಿದೆ ಎಂಬ ಸುದ್ದಿ ಮಳೆಗಿಂತ ಮೊದಲು ಊರೂರಿಗೆ ಮುಟ್ಟಿತು. ಮುಂದಿನ ಮಂಗಳವಾರ ನಾನು ಏಳುವ ಮೊದಲೇ ಮರದ ಕೆಳಗೆ ಜನ.

ಈ ಸಲ ಕಟ್ಟುಪಾಡು ಹಾಕಿದೆ, ಅವ್ವನ ಹೆಸರಿನಲ್ಲೇ. ಬುಡದಲ್ಲಿ ಬೆಂಕಿ ಇಲ್ಲ. ರೆಂಬೆ ಮುರಿಯುವಂತಿಲ್ಲ. ಸೀರೆಗೆ ಏನೂ ಹಾಕುವಂತಿಲ್ಲ. ಜಡ್ಡು ಇದ್ದವರು ಡಾಕ್ಟರ ಚೀಟಿ ತೋರಿಸಿಯೇ ಮರದ ಸುತ್ತ ಎಳೆಸಿದ ಗೆರೆಯ ಒಳಗೆ ಬರಬೇಕು. ದೇವರು ಚೀಟಿ ಕೇಳುವುದನ್ನು ಎಲ್ಲಿಯೂ ನೋಡಿಲ್ಲ ಎಂದು ಒಬ್ಬ ಗೊಣಗಿದ, ಆದರೆ ಹೋಗಿ ತಂದ. ಕೇಳುತ್ತಾರೆ ಎಂಬುದೇ ನನಗೆ ಭಯ. ನಾಳೆ ನಾನೊಂದು ತಪ್ಪು ಹೇಳಿದರೆ ಅದನ್ನೂ ಇವರು ಹೀಗೇ ಕೇಳುತ್ತಾರೆ.

ಮಳೆಗಾಲದ ನಡುವೆ ಮೇಡಂ ಬಂದಳು. ಸೀರೆಗಳಲ್ಲಿ ಹಳದಿ ಹಣ್ಣು, ಬುಲ್‌ಬುಲ್ ಉಗುಳಿದ ಬಿಳಿ ಬೀಜ, ಹಸಿ ಕಡ್ಡಿ. ಕೂತು ಎಲ್ಲವನ್ನೂ ಆರಿಸಿದೆವು. ಚೀಲಗಳನ್ನೆಲ್ಲ ನೋಡಿದ ಮೇಲೆ ಆಕೆ ಹೇಳಿದಳು, ಮಾಘದಿಂದ ವೈಶಾಖದ ತನಕದ ತೂಕ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ, ಅದು ಮರದ ತೂಕವಲ್ಲ, ಮಂದಿಯ ತೂಕ. ಎಲೆ ಉದುರುವ ಕಾಲವನ್ನು ಮತ್ತೊಮ್ಮೆ ಹಿಡಿಯಬೇಕು.

“ಇನ್ನೊಂದು ವರ್ಷ ಆಗತೈತೇನ ಆಯಿ?” ಎಂದು ಕೇಳಿದಳು. “ನಿಮಗ ಬ್ಯಾಸರಾಗಿದ್ರ ಬ್ಯಾರೆ ಮರ ನೋಡೂಣು.”

ಆಕೆಯ ಬೆನ್ನ ಹಿಂದೆ, ನಾನು ಎಳೆಸಿದ ಗೆರೆಯ ಆಚೆ, ಹೆಂಗಸರು ಚೀಟಿ ಹಿಡಿದು ಸಾಲಾಗಿ ಕೂತಿದ್ದರು.

“ಬ್ಯಾರೆ ಮರಾ ನಿಮಗ ಸಿಗತೈತ್ರಿ. ನನಗ ಸಿಗಂಗಿಲ್ಲ,” ಅಂದೆ. “ಮೊದಲ ಈ ವಾರದ ತೂಕ ಬರಕೊಳ್ರಿ. ಅವ್ರು ಮುಂಜಾನಿಂದ ಕುಂತಾರ.”